ಮುಷ್ಕರ ಮುರಿದ ಚಹಾ

ಎಫಿ ಗೆಲಟ್ಲಿಯ ಕೋಟಿನ ಜೇಬಿನಲ್ಲಿ ಹಳದಿ ಚೀಟಿಯ ಸುರುಳಿ ಇಲ್ಲದ ದಿನವನ್ನು ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಲೋಖೀ ಕೇರಿಯವರು ಯಾರೂ ಕಂಡವರಲ್ಲ. ಚರ್ಚಿನ ಹಜಾರದಲ್ಲಿ ವಸಂತಕ್ಕೊಮ್ಮೆ, ಸುಗ್ಗಿಗೊಮ್ಮೆ ಹಳೇ ಸಾಮಾನಿನ ಮಾರಾಟ ನಡೆಯುತ್ತಿತ್ತು. ಜನ ತಂದು ಸುರಿದ ಕೋಟು, ಕೆಟಲು, ಒಂಟಿ ಕಿವಿಯ ಪಿಂಗಾಣಿ ನಾಯಿ, ಸತ್ತ ಗಂಡನ ಬೂಟು, ಎಲ್ಲವೂ ಮೊದಲು ಎಫಿಯ ಮೇಜಿಗೆ ಬರಬೇಕು. ಅವಳು ಕನ್ನಡಕದ ಮೇಲಿನಿಂದ ಒಮ್ಮೆ ನೋಡುವಳು. ಹಳದಿ ಚೀಟಿ ಬಿದ್ದರೆ ಅದು ಚಿಂದಿಯವನ ಪಾಲು. ಮೇಲ್ಮನವಿ ಇಲ್ಲ. ಒಂದು ಸಲ ಗೂಟಕ್ಕೆ ನೇತುಹಾಕಿದ್ದ ಪಾದ್ರಿಯವರ ಸ್ವಂತ ಮೇಲಂಗಿಗೂ ಚೀಟಿ ಬಿದ್ದು, ಸಂಜೆಯೊಳಗೆ ಅದು ಚಿಂದಿಯವನ ಗಾಡಿ ಹತ್ತಿತ್ತು. ಪಾದ್ರಿಯವರು ನಡುಗುತ್ತ ಮನೆಗೆ ಹೋದರು. ಮುಂದಿನ ಭಾನುವಾರ ತ್ಯಾಗದ ಬಗ್ಗೆ ಉಪದೇಶ ಮಾಡಿದರು. ಎಫಿ ಅದನ್ನು ತನಗೆ ಸಂದ ಮೆಚ್ಚುಗೆ ಎಂದೇ ತಿಳಿದಳು.

ಮೆಟ್ಟಿಲ ಕೆಳಗಿನ ಕಸದ ಡಬ್ಬಿಗಳ ಮೇಲೂ ಅವಳದೇ ಆಳ್ವಿಕೆ. ಕಾಗದ ಹಾಕುವ ಡಬ್ಬಿಯಲ್ಲಿ ಯಾರಾದರೂ ಮಾಂಸದ ಕಡುಬು ಸುತ್ತಿದ ಜಿಡ್ಡು ಕಾಗದ ಎಸೆದರೆ ಮರುದಿನ ಅವರ ಬಾಗಿಲಿಗೇ ಚೀಟಿ ಅಂಟಿರುತ್ತಿತ್ತು. ಯಾರ ಮನೆಯದು ಎಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ. ದೇವರಿಗೂ ಅವಳೇ ಹೇಳಿರಬೇಕು.

ಈ ಗುಣ ಅವಳಿಗೆ ಆಕಾಶದಿಂದ ಬಿದ್ದದ್ದಲ್ಲ. ಡಂಡೀಯಲ್ಲಿ ಸೆಣಬಿನ ಗಿರಣಿಗಳಿದ್ದ ಕಾಲಕ್ಕೆ ಹೆಂಗಸರು ಮಗ್ಗಕ್ಕೆ ಹೋಗಿ ದುಡಿದರು, ಕೆಲಸ ಸಿಗದ ಗಂಡಸರು ಮನೆಯಲ್ಲಿ ಕೆಟಲ್ ಕಾಯಿಸಿದರು. 'ಕೆಟಲ್ ಕಾಯಿಸುವವರು' ಎಂದೇ ಆ ಗಂಡಸರಿಗೆ ಹೆಸರಾಯಿತು. ಎಫಿಯ ಅಜ್ಜಿಯೂ ತಾಯಿಯೂ ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡವರು. ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದರು, ಕೇಳಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಎಫಿಯ ಕಿವಿಗೆ ಏನೂ ಆಗಿರಲಿಲ್ಲ. ಪದ್ಧತಿಯನ್ನು ಮಾತ್ರ ಭದ್ರವಾಗಿ ಉಳಿಸಿಕೊಂಡಿದ್ದಳು. ಶಾಲೆಯ ಅಡುಗೆಮನೆಗೆ ಅವಳೇ ಯಜಮಾನಿಯಾಗಿದ್ದಾಗ ಒಂದು ತಲೆಮಾರಿನ ಮಕ್ಕಳು ಅವಳಿಗೆ ಹೆದರಿ ಬೇಯಿಸಿದ ಎಲೆಕೋಸು ತಿಂದು ದೊಡ್ಡವರಾದರು.

ಗಂಡ ಡಾಡ್ ಬಸ್ಸಿನ ಚಾಲಕ, ಡಿಪೋದ ಕಾರ್ಮಿಕ ಸಂಘದ ಮುಖಂಡ. ಡಿಪೋದಲ್ಲಿ ಅವನು ಕೈ ಎತ್ತಿದರೆ ಊರಿನ ಬಸ್ಸುಗಳೆಲ್ಲ ನಿಲ್ಲುತ್ತಿದ್ದವು. ಮನೆಯಲ್ಲಿ ಕಿಟಕಿ ತೆರೆಯಲು ಅಪ್ಪಣೆ ಕೇಳುತ್ತಿದ್ದ. ಮಾಲೀಕರೊಡನೆ ಹಗಲೆಲ್ಲ ಜಗಳವಾಡಿ ಬಂದವನಿಗೆ ಸಂಜೆ ಇನ್ನೊಬ್ಬ ಮಾಲೀಕರೊಡನೆ ಜಗಳವಾಡುವ ಶಕ್ತಿ ಇರಲಿಲ್ಲ ಎಂಬುದು ಅವನ ವಾದ. ಆ ವಾದವನ್ನೂ ಅವನು ಹೆಂಡತಿಯ ಮುಂದೆ ಮಂಡಿಸಿದ್ದಿಲ್ಲ.

ನಿವೃತ್ತಿಯಾದ ಮೇಲೆ ಡಾಡ್‌ನಿಗೆ ಬೆನ್ನುನೋವು ಶುರುವಾಯಿತು. ಎಫಿ ಮೊದಲು ಹಾಸಿಗೆಯ ತಪ್ಪು ಎಂದಳು, ಆಮೇಲೆ ಕೂರುವ ಭಂಗಿಯ ತಪ್ಪು ಎಂದಳು, ಕೊನೆಗೆ ಶನಿವಾರದ ಈರುಳ್ಳಿ ಕಡುಬಿನ ಮೇಲೆ ಹೊರಿಸಿ ಅದನ್ನೂ ನಿಲ್ಲಿಸಿದಳು. ಬೆನ್ನಿನ ಒಂದು ಮೂಳೆ ಸೀನಿದ್ದಕ್ಕೇ ಬಿರುಕು ಬಿಟ್ಟಾಗ ಆಸ್ಪತ್ರೆಯವರು ರಕ್ತ ತೆಗೆದು, ಮೂಳೆಯ ಮಜ್ಜೆ ತೆಗೆದು ನೋಡಿದರು. ಮಜ್ಜೆಯ ಕ್ಯಾನ್ಸರ್.

ವಾರ್ಡಿನ ನರ್ಸ್ ಐಲ್ಸಾ ಮ್ಯೂಡಿ ಡಾಡ್‌ನಿಗೆ ಚಿಕಿತ್ಸೆಯನ್ನು ವಿವರಿಸಿದಾಗ ಎಫಿ ಅಲ್ಲಿರಲಿಲ್ಲ. ವಾರ್ಡಿನ ಗೆಳೆಯರ ಸಮಿತಿ ಎಂಬುದೊಂದು ಇದೆಯೆಂದು ಯಾರೋ ಹೇಳಿದ್ದರಿಂದ, ಅದರ ಬಾಗಿಲು ಹುಡುಕಿಕೊಂಡು ಹೋಗಿದ್ದಳು. ಬೇರೆಯವರು ಗಂಡನಿಗೆ ಕ್ಯಾನ್ಸರ್ ಎಂದರೆ ಅಳುತ್ತಾರೆ. ಎಫಿ ಸಮಿತಿ ಸೇರಿದಳು.

ಐಲ್ಸಾ ಹೇಳಿದ್ದು ಹೀಗೆ: ಮೈಯ ಒಂದೊಂದು ಜೀವಕೋಶವೂ ಒಂದೊಂದು ಊರು. ಅಲ್ಲಿ ಹಗಲಿರುಳು ಪ್ರೋಟೀನು ತಯಾರಾಗುತ್ತದೆ, ಸವೆದದ್ದು ಸೊಟ್ಟಗಾದದ್ದು ಕಸವಾಗುತ್ತದೆ. ಯಾವುದು ಕಸವೋ ಅದಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಚೀಟಿ ಅಂಟುತ್ತದೆ, ಅದರ ಮೇಲೊಂದು, ಅದರ ಮೇಲಿನ್ನೊಂದು, ಬಾಲದ ಹಾಗೆ. ಆ ಬಾಲ ಕಂಡರೆ ಪೀಪಾಯಿಯಂಥ ಒಂದು ಅರೆಯುವ ಯಂತ್ರ ಅದನ್ನು ಒಳಗೆಳೆದು ನುಚ್ಚುನೂರು ಮಾಡುತ್ತದೆ. ನುಚ್ಚು ಮತ್ತೆ ಹೊಸ ಪ್ರೋಟೀನಿಗೆ ಬಳಕೆಯಾಗುತ್ತದೆ. ತಪ್ಪಿ ಅಂಟಿದ ಚೀಟಿಯನ್ನು ಕಿತ್ತುಹಾಕುವವರೂ ಅಲ್ಲೇ ಇದ್ದಾರೆ. ಆ ಮಟ್ಟಿಗೆ ಜೀವಕೋಶದ ನ್ಯಾಯ ಎಫಿಯ ಮೇಜಿಗಿಂತ ಮೇಲು. ಈಗ ಮಜ್ಜೆಯ ಕ್ಯಾನ್ಸರಿನ ಕೋಶಗಳು ಬೇರೆಲ್ಲ ಕೋಶಗಳಿಗಿಂತ ಹೊಟ್ಟೆಬಾಕ ಕಾರ್ಖಾನೆಗಳು. ಬೇಡದ ಪ್ರೋಟೀನನ್ನು ರಾಶಿ ರಾಶಿ ಉಗುಳುತ್ತವೆ, ಅವುಗಳ ಕಸವೂ ಅಷ್ಟೇ ಜಾಸ್ತಿ.

"ನಿಮ್ಮ ಹೊಟ್ಟೆಗೆ ಚುಚ್ಚೋ ಈ ಸೂಜಿ ಆ ಅರೆಯೋ ಯಂತ್ರದ ಬಾಯಿ ಕಟ್ಟುತ್ತೆ, ಅಷ್ಟೇ. ಕಸ ಎತ್ತೋರಿಲ್ಲ. ಕಸ ಏರುತ್ತೆ, ಏರುತ್ತೆ, ಆ ಕೋಶ ತನ್ನ ಕಸದಲ್ಲೇ ಮುಳುಗಿ ಸಾಯುತ್ತೆ" ಎಂದಳು ಐಲ್ಸಾ.

"ಅಂದ್ರೆ ಮುಷ್ಕರ" ಎಂದ ಡಾಡ್.

"ಹೂಂ. ಕಸದೋರ ಮುಷ್ಕರ."

ರೋಗದ ಹೆಸರು ಕೇಳಿದಂದಿನಿಂದ ಡಾಡ್ ನಕ್ಕಿರಲಿಲ್ಲ. ಅಂದು ಬೆನ್ನು ಹಿಡಿದುಕೊಂಡೇ ನಕ್ಕ. ಊರಿನ ಕಸದವರು ಮುಷ್ಕರ ಹೂಡಿದ ಬೇಸಿಗೆಯಲ್ಲಿ ಅವನು ಅವರ ಜೊತೆ ಗೇಟಿನ ಮುಂದೆ ನಿಂತಿದ್ದ. ಕಡಲಹಕ್ಕಿಗಳು ಬೀದಿಯಲ್ಲಿ ಮೀನಿನ ಮುಳ್ಳು ಎಳೆದಾಡಿದ್ದು, ಬ್ರಾಟಿ ಫೆರಿಯ ಬಂಗಲೆಯವರು ಮೂಗು ಮುಚ್ಚಿಕೊಂಡು ಓಡಾಡಿದ್ದು, ಕೊನೆಗೆ ಸಂಬಳ ಏರಿದ್ದು, ಎಲ್ಲ ನೆನಪಾಯಿತು. "ಪುಟ್ಟೀ, ಮುಷ್ಕರ ಅಂದ್ರೆ ನಾನು ಯಾವತ್ತೂ ಹಿಂದೆ ಸರಿದೋನಲ್ಲ. ಚುಚ್ಚು" ಎಂದ.

ಐಲ್ಸಾ ಚುಚ್ಚಿದಳು. ಬೇರೆ ಎಚ್ಚರಿಕೆಗಳ ಜೊತೆ ಇನ್ನೊಂದು ಮಾತು ಹೇಳಿದಳು: ಹಸಿರು ಚಹಾ ಮಾತ್ರ ಬೇಡ. ಈ ಔಷಧದ ತುದಿಯಲ್ಲಿ ಬೋರಾನಿನ ಒಂದು ಕೊಕ್ಕೆಯಿದೆ. ಯಂತ್ರದ ಹಲ್ಲಿಗೆ ಸಿಕ್ಕಿಕೊಳ್ಳುವುದು ಅದೇ. ಹಸಿರು ಚಹಾದ ಒಗರು ಆ ಕೊಕ್ಕೆಯನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಗಾಜಿನ ನಳಿಗೆಯಲ್ಲೂ ಇಲಿಗಳಲ್ಲೂ ಕಂಡಿದ್ದಾರೆ. ಮನುಷ್ಯನಿಗೆ ಎಷ್ಟು ಕುಡಿದರೆ ಎಷ್ಟು ಕೆಡುಕೆಂದು ಅಳೆದವರಿಲ್ಲ, ಆದ್ದರಿಂದ ಮುಟ್ಟದಿರುವುದೇ ಕ್ಷೇಮ. ಹುಟ್ಟಿದಾಗಿನಿಂದ ಮೂರು ಚಮಚ ಸಕ್ಕರೆಯ ಕಡುಕಪ್ಪು ಚಹಾ ಕುಡಿದವನಿಗೆ ಈ ನಿಷೇಧದಿಂದ ಕಷ್ಟವೇನೂ ಕಾಣಲಿಲ್ಲ.

ಮುಷ್ಕರ ಚೆನ್ನಾಗಿ ನಡೆಯಿತು. ರಕ್ತದಲ್ಲಿ ಆ ಬೇಡದ ಪ್ರೋಟೀನಿನ ಅಳತೆ ಇಳಿಯತೊಡಗಿತು. ಡಾಡ್ ಬೆನ್ನು ನೆಟ್ಟಗೆ ಮಾಡಿ ಬಸ್ಸು ಹತ್ತುವಂತಾದ.

ಅಷ್ಟರಲ್ಲಿ ಎಫಿ ಸಮಿತಿಯ ಅಧ್ಯಕ್ಷೆಯಾಗಿದ್ದಳು. ಹಿಂದಿನ ಅಧ್ಯಕ್ಷೆ ಹೇಗೆ ಹೋದಳೆಂದು ಕೇಳಬೇಡಿ, ಹಳದಿ ಚೀಟಿ ಎಲ್ಲಿ ಬೇಕಾದರೂ ಅಂಟುತ್ತದೆ. ಖಜಾಂಚಿ ಆಕ್ಟರ್‌ಲೋನಿ ನಿವೃತ್ತ ವಕೀಲ. ತಪ್ಪು ಮಾಡಿದವರ ಜೊತೆ ಜೀವಮಾನ ಕಳೆದದ್ದರಿಂದ ತಪ್ಪು ಎಂಬ ಶಬ್ದವನ್ನು ಬಾಯಿಗೆ ತರದೆ ಬದುಕುವುದನ್ನು ಕಲಿತಿದ್ದ. ಬ್ರಾಟಿ ಫೆರಿಯ ಒಬ್ಬ ಚಹಾ ವ್ಯಾಪಾರಿಯನ್ನು ಸಮಿತಿಗೆ ತಂದವನು ಅವನೇ. ವ್ಯಾಪಾರಿ ಧಾರಾಳಿ. ವಾರ್ಡಿನ ಪ್ರತಿ ರೋಗಿಯ ಮನೆಗೂ 'ಭರವಸೆ' ಎಂಬ ಹೆಸರಿನ ಚಹಾ ಡಬ್ಬಿ ಉಚಿತ, ಜೊತೆಗೆ ರೋಗಿಗಳನ್ನು ಆಸ್ಪತ್ರೆಗೆ ಕರೆತರಲು ಮುಂದೆ ಒಂದು ಪುಟ್ಟ ಬಸ್ಸು ಕೊಡುವ ಮಾತು. ಡಬ್ಬಿಯ ಮೇಲೆ ಟೇ ನದಿಯ ಸೇತುವೆ, ಸೇತುವೆಯ ಆಚೆ ಉದಯಸೂರ್ಯ. ಒಳಗೆ ಹಸಿರು ಚಹಾ.

ಬಿಡುಗಡೆಯ ಸಮಾರಂಭಕ್ಕೆ ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರು ಬಂದರು. ಆ ಪುಟ್ಟ ಚೀಟಿ ಹೇಗೆ ಅಂಟುತ್ತದೆ, ಆ ಯಂತ್ರ ಹೇಗೆ ಅರೆಯುತ್ತದೆ ಎಂಬುದಕ್ಕೇ ತಲೆಗೂದಲು ನರೆಸಿಕೊಂಡವರು. ಅವರ ಪ್ರಯೋಗಾಲಯದಲ್ಲಿ ಕೋಶಗಳಿದ್ದವು, ಮನುಷ್ಯರಿರಲಿಲ್ಲ. ಡಬ್ಬಿಯನ್ನು ಎದೆಯೆತ್ತರ ಹಿಡಿದು, ಸೇತುವೆಯ ಚಿತ್ರ ಕ್ಯಾಮೆರಾದ ಕಡೆ ತಿರುಗಿಸಿ, ವಿಜ್ಞಾನವೂ ಸಮಾಜವೂ ಕೈ ಹಿಡಿದು ನಡೆಯಬೇಕು ಎಂದರು. ಚಹಾ ಬಲ್ಲ ವ್ಯಾಪಾರಿಗೆ ಔಷಧ ಗೊತ್ತಿರಲಿಲ್ಲ. ರೋಗಿಗಳನ್ನು ಬಲ್ಲ ಡಾಕ್ಟರಿಗೆ ಸಮಾರಂಭಕ್ಕೆ ಬರಲು ಪುರುಸೊತ್ತಿರಲಿಲ್ಲ. ಪತ್ರಿಕೆಯವರಿಗೆ ಏನೂ ಗೊತ್ತಿರುವ ಅಗತ್ಯವೇ ಇರಲಿಲ್ಲ. ಅರ್ಧರ್ಧ ತಿಳಿದವರೆಲ್ಲ ಸೇರಿ ಪೂರ್ತಿ ಚಪ್ಪಾಳೆ ಹೊಡೆದರು.

ಇಡೀ ಹಜಾರದಲ್ಲಿ ಪೂರ್ತಿ ವಿಷಯ ತಿಳಿದಿದ್ದವನು ಒಬ್ಬನೇ. ಅವನು ಕೊನೆಯ ಸಾಲಿನಲ್ಲಿ ಹೆಂಡತಿಯ ಕೈಚೀಲ ಹಿಡಿದುಕೊಂಡು ಕೂತಿದ್ದ.

ಮನೆಗೆ ಹೋಗುವ ಬಸ್ಸಿನಲ್ಲಿ ಡಾಡ್ ಬಾಯಿಬಿಟ್ಟ.

"ಎಫಿ, ಹಸಿರು ಚಹಾ ಕುಡೀಬಾರ್ದು ಅಂದಿದ್ಳು ಆ ಹುಡುಗಿ. ಸೂಜಿಗೆ ಆಗ್ಬರಲ್ವಂತೆ."

"ಅದು ಅಂಗಡೀಲಿ ಮಾರೋ ಧೂಳಿಗೆ ಹೇಳಿದ್ದು ಕಣೋ. ಇದು ಆಸ್ಪತ್ರೆ ಹೆಸರಲ್ಲೇ ಬಂದಿರೋದು. ಪ್ರೊಫೆಸರ್ ಕೈಲಿ ಹಿಡ್ಕೊಂಡಿದ್ದು ನೋಡ್ಲಿಲ್ವಾ? ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

"ನಂಗೇನ್ ಗೊತ್ತು" ಎಂದ ಡಾಡ್, ಕಿಟಕಿಯ ಕಡೆ ತಿರುಗಿ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ನೋಡಿರಬಹುದು. ಎಫಿ ಅಷ್ಟಕ್ಕೆ ನಿಲ್ಲುವವಳಲ್ಲ, ನಾಲ್ಕನೆಯ ಕಾಲಿಗೆ ಚೀಟಿ ಅಂಟಿಸುವವಳು. ಮರುದಿನ ಬೆಳಿಗ್ಗೆಯಿಂದ ಡಾಡ್‌ನ ಮೆಚ್ಚಿನ ಕಪ್ಪಿನಲ್ಲಿ, ಬಸ್ಸು ಕಂಪನಿಯ ಲಾಂಛನವಿದ್ದ ಆ ಕಪ್ಪಿನಲ್ಲೇ, ಹಸಿರು ಚಹಾ ಬಂತು. ಬೆಳಿಗ್ಗೆ, ಊಟಕ್ಕೆ ಮೊದಲು, ಊಟವಾದ ಮೇಲೆ, ಸಂಜೆ. ದನಕ್ಕೆ ಹಾಕಿದ ಹುಲ್ಲನ್ನು ಬೇಯಿಸಿ ಬಸಿದ ರುಚಿ. ಕುಡಿಯದಿದ್ದರೆ ಮಾತು ಕೇಳಬೇಕು. ಕುಡಿದರೆ ಮನೆ ಶಾಂತ. ಮಾಲೀಕರೆದುರು ಒಂದು ಅಂಗುಲ ಸರಿಯದಿದ್ದ ಮನುಷ್ಯ ಮನೆಯ ಶಾಂತಿಗಾಗಿ ತನ್ನ ಮೂಳೆಯ ಮಜ್ಜೆಯನ್ನೇ ಒತ್ತೆಯಿಟ್ಟ. ಹೆಣ್ಣುಮಕ್ಕಳಿಗೆ ಹೆದರುವ ಗಂಡಸರನ್ನು ಡಂಡೀ ತಲೆಮಾರುಗಳಿಂದ ಬೆಳೆಸಿದೆ. ಹೆದರಿಕೆಯನ್ನು ಒಳ್ಳೆಯತನವೆಂದು ಕರೆದುಕೊಳ್ಳುವ ಜಾಣತನವನ್ನೂ ಅದೇ ಕಲಿಸಿದೆ.

ಇಳಿಯುತ್ತಿದ್ದ ಅಳತೆ ನಿಂತಿತು. ಆಮೇಲೆ ನಿಧಾನವಾಗಿ ಏರತೊಡಗಿತು. ಡಾಕ್ಟರು ಹುಬ್ಬು ಗಂಟಿಕ್ಕಿ, ಕೆಲವರಲ್ಲಿ ಕ್ಯಾನ್ಸರು ಈ ಔಷಧಕ್ಕೆ ಬಗ್ಗದೆ ಹೋಗುತ್ತದೆ ಎಂದರು. ಮುಂದೆಯೂ ಔಷಧಗಳಿವೆ, ಆದರೆ ಒಂದೊಂದು ಬಾಗಿಲು ಮುಚ್ಚಿದಷ್ಟೂ ಮುಂದಿನ ದಾರಿ ಗಿಡ್ಡವಾಗುತ್ತ ಹೋಗುತ್ತದೆ ಎಂದೂ ಹೇಳಿದರು. ಇನ್ನೊಂದು ಸುತ್ತು ಚುಚ್ಚಿ ನೋಡಿ, ಆಗಲೂ ಇಳಿಯದಿದ್ದರೆ ಈ ಸೂಜಿಯನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ಆ ದಿನ ಎಫಿ ಮನೆಗೆ ಬಂದು ಚಹಾವನ್ನು ಇನ್ನಷ್ಟು ಗಟ್ಟಿಯಾಗಿ ಕುದಿಸಿದಳು.

ಆ ಕೊನೆಯ ಸುತ್ತಿನ ಮೊದಲ ಸೂಜಿಯ ದಿನ ಬಸ್ಸು ತಡವಾಯಿತು. ಬೆಳಗಿನ ಎರಡನೆಯ ಕಪ್ಪಿನ ಹೊತ್ತು ಮೀರುತ್ತದೆಂದು ಎಫಿ ಫ್ಲಾಸ್ಕ್ ತಂದಿದ್ದಳು. ವಾರ್ಡಿನ ಕುರ್ಚಿಯಲ್ಲಿ ಅಂಗಿ ಎತ್ತಿ ಹೊಟ್ಟೆ ತೋರಿಸಿ ಕೂತಿದ್ದ ಗಂಡನಿಗೆ ಅಲ್ಲೇ ಬಗ್ಗಿಸಿ ಕೊಟ್ಟಳು. ಸೂಜಿ ಹಿಡಿದು ಬಂದ ಐಲ್ಸಾ ನಿಂತಳು. ಫ್ಲಾಸ್ಕಿನ ಮೂತಿಗೆ ಮೂಗು ತಂದಳು.

"ಏನಿದು?"

"ನಮ್ಮ ಸಮಿತಿ ಚಹಾ" ಎಂದಳು ಎಫಿ, ಹೆಮ್ಮೆಯಿಂದ. "ದಿನಕ್ಕೆ ನಾಕು ಸಲ ತಪ್ಪಿಸಿಲ್ಲ. ನಿಂಗೂ ಒಂದು ಡಬ್ಬಿ ಕಳಿಸ್ತೀನಿ."

ಐಲ್ಸಾ ಸೂಜಿಯನ್ನು ತಟ್ಟೆಯಲ್ಲಿಟ್ಟಳು. "ಡಾಡ್, ನಾನು ನಿಮಗೆ ಹೇಳಿದ್ದೆ."

"ನೀನು ನಂಗೆ ಹೇಳಿದ್ದೆ, ಪುಟ್ಟೀ" ಎಂದ ಡಾಡ್, ನೆಲ ನೋಡುತ್ತ. "ನಾನು ಇವಳಿಗೆ ಹೇಳಿದ್ದೆ."

ಅಷ್ಟೇ. ಎಫಿಯ ಕಿವಿಯಲ್ಲಿ ಬಸ್ಸಿನ ಆ ಮಾತು ಈಗ ಬಂದು ಬಿತ್ತು. ಅಂದು ಬಂದಾಗ ಬಾಗಿಲು ಹಾಕಿತ್ತು, ಮಾತು ಇಷ್ಟು ದಿನವೂ ಹೊಸ್ತಿಲಲ್ಲೇ ಕಾಯುತ್ತ ನಿಂತಿತ್ತೇನೋ. ಐಲ್ಸಾ ಅವಳನ್ನು ಕೂರಿಸಿ ಕೊಕ್ಕೆಯ ವಿಷಯ, ಒಗರಿನ ವಿಷಯ, ಯಂತ್ರದ ಹಲ್ಲಿನ ವಿಷಯ ಮೊದಲಿನಿಂದ ಹೇಳಿದಳು. ಚಹಾದಿಂದಲೇ ಹೀಗಾಯಿತೆಂದು ಯಾರೂ ಆಣೆ ಮಾಡಲಾರರು, ಆದರೆ ಇಂದೇ ನಿಲ್ಲಿಸಬೇಕು ಎಂದಳು. ಡಾಕ್ಟರು ಬಂದು, ಕೇಳಿ, ಡಾಡ್ ಮೊದಲಿನಿಂದ ನುಂಗುತ್ತಿದ್ದ ಇನ್ನೊಂದು ಮಾತ್ರೆಯ ಪ್ರಮಾಣವನ್ನೂ ಏರಿಸಿದರು. ಬೇರೆ ಯಾರಿಗೆಲ್ಲ ಈ ಡಬ್ಬಿ ಹೋಗಿದೆಯೆಂದು ಐಲ್ಸಾ ಕೇಳಿದಾಗ, ಬೇರೆಯವರ ವಿಷಯ ಸಮಿತಿ ನೋಡಿಕೊಳ್ಳುತ್ತದೆ ಎಂದು ಎಫಿಯ ಬಾಯಿ ತಾನಾಗಿಯೇ ಹೇಳಿತು. ಐಲ್ಸಾ ಆ ಮಾತನ್ನು ನಂಬಿದಳು.

ಸೂಜಿಯ ಜೊತೆ ನುಂಗುವ ಆ ಮಾತ್ರೆಗೆ ಒಂದು ಗುಣವಿತ್ತು. ನುಂಗಿದ ದಿನ ನಿದ್ದೆ ಬರುವುದಿಲ್ಲ, ಹಸಿವು ಜಾಸ್ತಿ, ಬಾಯಿ ಸುಮ್ಮನಿರುವುದಿಲ್ಲ. ಜೀವಮಾನವಿಡೀ ಮನೆಯಲ್ಲಿ ಮಾತಾಡದಿದ್ದ ಡಾಡ್ ಮಾತ್ರೆಯ ದಿನಗಳಲ್ಲಿ ಮಾತಾಡುತ್ತಿದ್ದ. ಹೆಚ್ಚಾಗಿ ಫುಟ್‌ಬಾಲಿನ ಬಗ್ಗೆ, ಗೋಡೆಯ ಜೊತೆ. ಅಂದು ಹೆಂಡತಿಯ ಜೊತೆ ಮಾತಾಡಿದ.

"ಎಫಿ, ಸಂಘದಲ್ಲಿ ನಾವು ಮಾಲೀಕನ್ನ ಕ್ಷಮಿಸ್ತಿದ್ವಿ. ಅವನ ಕೆಲ್ಸಾನೇ ಅದು. ಕ್ಷಮಿಸದೆ ಇದ್ದಿದ್ದು ಮುಷ್ಕರ ಮುರಿಯೋಕೆ ಹಿಂಬಾಗ್ಲಿಂದ ಬರೋರ್ನ. ನನ್ನ ಮೈಯೊಳಗೆ ಮುಷ್ಕರ ನಡೀತಿತ್ತು ಕಣೇ, ಗೆಲ್ತಾನೂ ಇತ್ತು. ನೀನು ದಿನಕ್ಕೆ ನಾಕು ಸಲ ಮುಷ್ಕರ ಮುರುಕ್ರನ್ನ ಗೇಟು ದಾಟಿಸ್ದೆ. ಅದೂ ನನ್ನ ಕಪ್ಪಲ್ಲೇ."

ಎಫಿ ಪಾತ್ರೆ ತೊಳೆಯುತ್ತಲೇ ಇದ್ದಳು.

"ಬಾಗಿಲು ತೆಗೆದುಕೊಟ್ಟೋನು ನಾನೇ" ಎಂದ ಡಾಡ್. "ನಂಗೆ ಗೊತ್ತಿತ್ತಲ್ಲ, ನುಂಗ್ತಾ ಹೋದೆ. ಅದು ಬೇರೆ ಮಾತು. ಆದ್ರೆ ಬೇರೆಯೋರ ಮನೆ ಗೇಟಲ್ಲಿ ಯಾರು ನಿಂತಿದಾರೆ ಈಗ?"

ಸಮಿತಿಯ ಸಭೆ ಮರುದಿನವೇ ಸೇರಿತು. ಎಫಿ ನಡೆದದ್ದನ್ನು ಹೇಳಿದಳು. ವಾರ್ಡಿನಲ್ಲಿ ಈ ಸೂಜಿ ತೆಗೆದುಕೊಳ್ಳುವವರೆಲ್ಲರಿಗೂ ಇದ್ದದ್ದು ಇದ್ದ ಹಾಗೆ ತಿಳಿಸಬೇಕು ಎಂದಳು. ಆಕ್ಟರ್‌ಲೋನಿ ಬೆರಳುಗಳನ್ನು ಒಂದಕ್ಕೊಂದು ಹೆಣೆದು, ಇಲಿಗಳು ನಮ್ಮ ಸದಸ್ಯರಲ್ಲವಲ್ಲ ಎಂದ. ಆಸ್ಪತ್ರೆಯೇ ಖಚಿತವಾಗಿ ಹೇಳಲಾರದ್ದನ್ನು ಸಮಿತಿ ಹೇಳಿದರೆ ವ್ಯಾಪಾರಿಗೆ ಮಾನಹಾನಿ, ಪುಟ್ಟ ಬಸ್ಸು ಕೈತಪ್ಪುತ್ತದೆ, ಅದರಿಂದ ರೋಗಿಗಳಿಗೇ ನಷ್ಟ ಎಂದ. ನಮ್ಮ ಸ್ಕಾಟ್ಲೆಂಡಿನ ನ್ಯಾಯಾಲಯಗಳು ತಪ್ಪಿತಸ್ಥ, ನಿರ್ದೋಷಿ ಎಂಬೆರಡರ ನಡುವೆ ಮೂರನೆಯ ತೀರ್ಪೊಂದನ್ನು ತಲೆಮಾರುಗಳ ಕಾಲ ಸಾಕಿಕೊಂಡು ಬಂದಿದ್ದವು. ಆ ತೀರ್ಪನ್ನೇ ನಂಬಿ ಹೊಟ್ಟೆ ಹೊರೆದವನು ಆಕ್ಟರ್‌ಲೋನಿ.

"ಸಾಬೀತಾಗಿಲ್ಲ" ಎಂದ. "ಎಫಿ, ಇದಕ್ಕಿಂತ ಒಳ್ಳೆ ಪದ ಭಾಷೇಲಿ ಇಲ್ಲ. ತಪ್ಪು ಮಾಡ್ದೋನೂ ಮನೆಗೆ ಹೋಗ್ತಾನೆ, ಮಾಡದೇ ಇರೋನೂ ಮನೆಗೆ ಹೋಗ್ತಾನೆ. ಡಬ್ಬಿಗೆ ತೇವ ಹತ್ತಿದೆ ಅಂತ ಹೇಳಿ ವಾಪಸ್ ತಗೋ. ಬದಲಿಗೆ ಬಿಸ್ಕತ್ತು ಕೊಡೋಣ."

ಸಭೆ ಒಪ್ಪಿತು. ಎಫಿಯೂ ಒಪ್ಪಿದಳು. ಇದನ್ನು ಮುಚ್ಚಿಡುವಂತಿಲ್ಲ, ಅವಳೂ ಕೈ ಎತ್ತಿದಳು. ಊರಿಗೆಲ್ಲ ಚೀಟಿ ಅಂಟಿಸಿದವಳಿಗೆ ತನ್ನ ಹಣೆಯ ಜಾಗ ಮಾತ್ರ ಕೈಗೆ ಎಟುಕಲಿಲ್ಲ.

ಹೀಗೆ ಅವಳು ಬಿಸ್ಕತ್ತಿನ ಚೀಲ ಹಿಡಿದು ಮನೆ ಮನೆಗೆ ಹೊರಟಳು. ಜನ ಡಬ್ಬಿಗಳನ್ನು ತಂದುಕೊಟ್ಟರು, ಥ್ಯಾಂಕ್ಸ್ ಹೇಳಿದರು. ಕೆಲವರು ಮುಚ್ಚಳ ತೆರೆಯದ ಡಬ್ಬಿಯನ್ನೇ ಕೊಟ್ಟು ಚಹಾ ಬಹಳ ಚೆನ್ನಾಗಿತ್ತೆಂದರು. ಹಿಲ್‌ಟೌನಿನ ಮೂರನೆಯ ಮಹಡಿಯಲ್ಲಿ, ಅದೇ ಸೂಜಿ ತೆಗೆದುಕೊಳ್ಳುತ್ತಿದ್ದ ಒಬ್ಬಾಕೆ ಡಬ್ಬಿ ಕೊಡುತ್ತ ಎಫಿಯ ಕೈ ಅದುಮಿ, ಬೇಜಾರು ಮಾಡಿಕೊಳ್ಳಬೇಡಿ, ನನಗೀಗ ಹಸಿರು ಚಹಾ ಅಭ್ಯಾಸವಾಗಿಬಿಟ್ಟಿದೆ, ಅಂಗಡಿಯಿಂದಲೇ ತಂದುಕೊಳ್ಳುತ್ತೇನೆ ಎಂದಳು. ಎಫಿಯ ಬಾಯಿ ತೆರೆಯಿತು. ಬಿಸ್ಕತ್ತು ಕೊಟ್ಟಳು. ಮೆಟ್ಟಿಲಿಳಿದಳು. ಬೀದಿಗೆ ಬಂದ ಮೇಲೆ ಆ ಕಿಟಕಿಯ ಕಡೆ ತಲೆ ಎತ್ತಿ ನೋಡುತ್ತ ನಿಂತಳು, ಮತ್ತೆ ಮೇಲೆ ಹತ್ತಲಿಲ್ಲ.

ಕೊನೆಗೆ ಉಳಿದದ್ದು ಫಿಂಟ್ರಿಯಲ್ಲಿ ನ್ಯಾನ್ ಪೆಟ್ರಿಯ ಮನೆ. ಅವಳ ಗಂಡ ಆಲೆಕ್‌ನಿಗೂ ಡಾಡ್‌ನದೇ ಕಾಯಿಲೆ, ಅದೇ ಸೂಜಿ. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡಿದ್ದ. ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ, ಆಲೆಕ್‌ನ ರೇಡಿಯೋ ಪಕ್ಕದಲ್ಲಿತ್ತು. ಎಫಿ ತೇವದ ಕತೆ ಶುರುಮಾಡಿದಳು.

ನ್ಯಾನ್ ಡಬ್ಬಿಯನ್ನು ಎತ್ತಿಕೊಂಡು ಸೆರಗಿನಂತೆ ಇಳಿಬಿದ್ದಿದ್ದ ಏಪ್ರನ್ನಿನಲ್ಲಿ ಒರೆಸಿದಳು. "ಇದರಲ್ಲೇನೂ ಉಳಿದಿಲ್ಲ ಎಫಿ. ಕೊನೇಲಿ ಅವರಿಗೆ ಬೇರೆ ಏನೂ ಇಳೀತಿರಲಿಲ್ಲ. ಇದೊಂದೇ. ನೋಡು, ಎಫಿ ನೆನೆಸ್ಕೊಂಡು ಕಳ್ಸಿದಾಳೆ ಅನ್ನೋರು."

ಎಫಿ ಕೂತಳು. ಯಾರೂ ಕೂರು ಎನ್ನದೆ ಪರರ ಮನೆಯಲ್ಲಿ ಅವಳು ಕೂತದ್ದು ಅದೇ ಮೊದಲು. ತೇವದ ಕತೆಯನ್ನು ಅಲ್ಲಿಗೇ ಬಿಟ್ಟಳು. ಅವಳು ಇದ್ದದ್ದನ್ನು ಹೇಳಿದಳು. ಕೊಕ್ಕೆ, ಒಗರು, ಯಂತ್ರ. ಆಲೆಕ್ ಚಹಾದಿಂದ ಹೋದನೋ, ಕುಡಿಯದಿದ್ದರೂ ಹೋಗುತ್ತಿದ್ದನೋ, ಯಾರಿಗೂ ಗೊತ್ತಾಗುವುದಿಲ್ಲ, ಯಾವತ್ತೂ ಗೊತ್ತಾಗುವುದಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು ನ್ಯಾನ್.

"ಡಾಡ್ ಹೇಳಿದ್ದ. ನಾನು ಕೇಳಿಸ್ಕೊಳ್ಳಲಿಲ್ಲ."

ನ್ಯಾನ್ ಡಬ್ಬಿಯನ್ನು ಮತ್ತೆ ಅದೇ ಜಾಗದಲ್ಲಿಟ್ಟಳು.

"ನನ್ನ ಹತ್ರ ಹೇಳಿ ಹಗುರ ಮಾಡ್ಕೊಂಡೆ. ನಂದು ಮುಗೀತು ಎಫಿ. ಯಾರ ಮನೇಲಿ ಇನ್ನೂ ಮುಗಿದಿಲ್ವೋ ಅಲ್ಲಿ ಹೋಗಿ ಹೇಳು. ಅಲ್ಲಿ ತೇವ ಅಂತೀಯ, ಇಲ್ಲಿ ಬಂದು ನಿಜ ಅಂತೀಯ. ಬಿಸ್ಕತ್ತು ತಗೊಂಡು ಹೋಗು. ಡಬ್ಬಿ ಇಲ್ಲೇ ಇರ್ಲಿ."

ಎಫಿ ಎದ್ದಳು. ನೇರ ಹಿಲ್‌ಟೌನಿನ ಮೂರನೆಯ ಮಹಡಿ ಹತ್ತಿದಳು. ಅಲ್ಲಿಂದ, ತೇವ ಎಂದು ಹೇಳಿ ಬಂದಿದ್ದ ಒಂದೊಂದು ಬಾಗಿಲನ್ನೂ ಮತ್ತೆ ತಟ್ಟಿದಳು. ಕೆಲವರು ಬೈದರು. ಒಬ್ಬ ಮುದುಕ ಬಾಗಿಲನ್ನು ಅವಳ ಮೂಗಿನ ಮುಂದೆಯೇ ಹಾಕಿದ. ಮನೆಯಲ್ಲಿಲ್ಲದವರು, ಊರು ಬಿಟ್ಟು ಮಗಳ ಮನೆಗೆ ಹೋದವರು, ಡಬ್ಬಿಯನ್ನು ನೆಂಟರಿಗೆ ಕೊಟ್ಟವರು ಉಳಿದರು. ಅವರನ್ನು ಮುಟ್ಟಲು ದಾರಿ ಒಂದೇ ಇತ್ತು.

ಸುಗ್ಗಿಯ ಮಾರಾಟದ ದಿನ ಹಜಾರ ತುಂಬಿತ್ತು. ಪುಟ್ಟ ಬಸ್ಸಿನ ಕೀಲಿಕೈಯನ್ನು ಹಸ್ತಾಂತರಿಸುವ ಕಾರ್ಯಕ್ರಮವೂ ಅಂದೇ. ವೇದಿಕೆಯ ಮೇಲೆ ವ್ಯಾಪಾರಿ, ಆಕ್ಟರ್‌ಲೋನಿ, ಡಬ್ಬಿ ಹಿಡಿದಿದ್ದ ಅದೇ ಪ್ರೊಫೆಸರರು, ಎದುರಿಗೆ ಅದೇ ಪತ್ರಿಕೆಯವರು. ಸ್ವಾಗತ ಭಾಷಣಕ್ಕೆಂದು ಎದ್ದ ಎಫಿ ಸ್ವಾಗತಿಸಲಿಲ್ಲ. ಯಾವ ಸೂಜಿ ತೆಗೆದುಕೊಳ್ಳುವವರು ಯಾವ ಚಹಾ ಕುಡಿಯಬಾರದು ಎಂಬುದನ್ನು ಹೇಳ ಹೊರಟಳು. ಆಕ್ಟರ್‌ಲೋನಿ ಮೈಕಿನ ತಂತಿ ಕಿತ್ತ. ಪಾಪ, ಅವನು ಶಾಲೆಯಲ್ಲಿ ಎಫಿಯ ಕೈಯ ಎಲೆಕೋಸು ತಿಂದವನಲ್ಲ. ಅವಳಿಗೆ ಮೈಕು ಯಾವತ್ತು ಬೇಕಿತ್ತು?

"ಹಂಚಿದ್ದು ನಾನು" ಎಂದಳು, ಹಜಾರದ ಕೊನೆಯ ಕೋಟಿನ ಗೂಟದವರೆಗೂ ಕೇಳುವ ಹಾಗೆ. "ಬೇಡ ಅಂತ ಹೇಳಿದ್ರು. ನಾನು ಕೇಳಲಿಲ್ಲ. ತೇವ ಅಂದಿದ್ದು ಸುಳ್ಳು. ಯಾರ ಮನೇಲಿ ಡಬ್ಬಿ ಇದೆಯೋ ಬಿಸಾಕಿ. ನಿಮ್ಮ ನರ್ಸನ್ನ ಕೇಳಿ, ನನ್ನ ಕೇಳಬೇಡಿ."

ಪ್ರೊಫೆಸರರು ಕಾಗದದ ತಟ್ಟೆಯನ್ನು ಕೆಳಗಿಟ್ಟು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದರು. ವ್ಯಾಪಾರಿ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ. ಆ ಬಸ್ಸು ಈಗ ಇನ್ನೊಂದು ಊರಿನ ಗಾಲ್ಫ್ ಕ್ಲಬ್ಬಿನ ಮುದುಕರನ್ನು ಹೊತ್ತು ತಿರುಗುತ್ತಿದೆಯಂತೆ. ಕೇರಿಯ ಜನ ಎಫಿಯನ್ನು ಬೈದರು. ಚಹಾ ಕೊಟ್ಟದ್ದಕ್ಕಲ್ಲ, ಬಸ್ಸು ಕಳೆದದ್ದಕ್ಕೆ. ಸಮಿತಿ ಅವಳ ಸೇವೆಯನ್ನು ಕೊಂಡಾಡಿ ಅವಳನ್ನು ಕೆಳಗಿಳಿಸಿತು. ಜೀವಕೋಶ ಹೊಲಸಾದದ್ದಕ್ಕೆ ಚೀಟಿ ಅಂಟಿಸುತ್ತದೆ, ಸಮಿತಿಗಳು ಹೊಲಸು ತೋರಿಸಿದವರಿಗೆ ಅಂಟಿಸುತ್ತವೆ. ನಡೆದದ್ದರ ಬಗ್ಗೆ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಮಾರಾಟದಲ್ಲಿ ಬಹುಮಾನ ಗೆದ್ದ ಕುಂಬಳಕಾಯಿಯ ಚಿತ್ರ ಮಾತ್ರ ಬಂತು.

ಸುತ್ತು ಮುಗಿದಾಗ ಡಾಡ್‌ನ ಅಳತೆ ಮತ್ತೆ ಇಳಿದಿತ್ತು. ಡಾಕ್ಟರು ಸೂಜಿ ನಿಲ್ಲಿಸಲಿಲ್ಲ. ಚಹಾ ಬಿಟ್ಟದ್ದರಿಂದಲೋ ಮಾತ್ರೆ ಏರಿಸಿದ್ದರಿಂದಲೋ ಹೇಳಲಾರೆ ಎಂದರು ಅವರು, ಪ್ರಾಮಾಣಿಕವಾಗಿ. ಈ ಕಾಯಿಲೆ ಪೂರ್ತಿ ಬಿಟ್ಟು ಹೋಗುವುದಿಲ್ಲ, ಒಂದಲ್ಲ ಒಂದು ದಿನ ತಿರುಗಿ ಬರುತ್ತದೆ, ಆದರೆ ಆ ದಿನ ಈಗ ದೂರಕ್ಕೆ ಸರಿದಿದೆ ಎಂದೂ ಹೇಳಿದರು.

ಮನೆಯಲ್ಲಿ ಈಗ ಕೆಟಲ್ ಕಾಯಿಸುವವನು ಡಾಡ್. ಕಡುಕಪ್ಪು ಚಹಾ, ಅವನಿಗೆ ಮೂರು ಸಕ್ಕರೆ, ಅವಳಿಗೆ ಒಂದು. ಬೆನ್ನು ಹಿಡಿದುಕೊಂಡು ನಿಧಾನವಾಗಿ ಕಾಯಿಸುತ್ತಾನೆ, ಅಷ್ಟು ಹೊತ್ತೂ ಎಫಿ ಕುರ್ಚಿಯಲ್ಲಿ ಕೂತಿರಬೇಕು, ಏಳುವಂತಿಲ್ಲ. ಇದು ಅವನು ಗೆದ್ದ ಕೊನೆಯ ಒಪ್ಪಂದ.

ಮುಂದಿನ ಸೂಜಿಯ ದಿನ ಐಲ್ಸಾ ಹೊಸ ಮಾತ್ರೆಯೊಂದನ್ನು ಕೊಟ್ಟು, ಅದನ್ನು ಊಟದ ಜೊತೆ ಹೇಗೆ ನುಂಗಬೇಕು, ಯಾವುದರ ಜೊತೆ ನುಂಗಬಾರದು ಎಂದು ಡಾಡ್‌ನಿಗೆ ಹೇಳುತ್ತಿದ್ದಳು. ಈ ಸಲ ಎಫಿ ಕಾರಿಡಾರಿಗೆ ಹೋಗಿರಲಿಲ್ಲ. ಕೋಟಿನ ಜೇಬಿನಲ್ಲಿ ಕೈಯಿಟ್ಟು, ಅಲ್ಲಿದ್ದ ಸುರುಳಿಯನ್ನು ಬೆರಳಲ್ಲಿ ಸುತ್ತುತ್ತ, ಪಕ್ಕದಲ್ಲೇ ಕೂತಿದ್ದಳು.

"ಇನ್ನೊಂದ್ ಸಲ ಹೇಳಮ್ಮ" ಎಂದಳು. "ನಿಧಾನಕ್ಕೆ ಹೇಳು."

"ಪೂರ್ತಿ ಹೇಳ್ಬಿಡು ಪುಟ್ಟೀ" ಎಂದ ಡಾಡ್, ಅಂಗಿ ಕೆಳಗಿಳಿಸುತ್ತ. "ಇಂಥಾ ದಿನ ಮತ್ತೆ ಸಿಗುತ್ತೋ ಇಲ್ವೋ."

ಐಲ್ಸಾ ಮೊದಲಿನಿಂದ ಹೇಳಿದಳು. ಎಫಿ ನಡುವೆ ಬಾಯಿ ಹಾಕಲಿಲ್ಲ.